ಮೆಂಬರ್ ಸಾಹೇಬರ ಕಪ್ಪು ಅಂಚಿನ ಪತ್ರ

ಉಪ್ಪು ಹಾಕಿ ಕುದಿಸಿದ ಹಸಿ ಶೇಂಗಾದ ವಾಸನೆ ಮೂಗಿಗೆ ಬಂದಾಗ ನಾನು ದಕ್ಷಿಣ ಕೆರೊಲಿನಾದ ಹೆದ್ದಾರಿ ಬದಿಯಲ್ಲಿ ಕಾರಿಗೆ ಪೆಟ್ರೋಲ್ ತುಂಬಿಸುತ್ತಾ ನಿಂತಿದ್ದೆ. 2019ರ ಅಕ್ಟೋಬರ್. ಮಗಳು ಮೇಘನಾ ಅಟ್ಲಾಂಟಾದಲ್ಲಿ ಕಾಲೇಜು ಸೇರಿ, ನಾರ್‌ಕ್ರಾಸಿನಲ್ಲಿ ಇಬ್ಬರು ಗೆಳತಿಯರ ಜೊತೆ ಮನೆ ಮಾಡಿದ್ದಳು. ಅವಳನ್ನು ನೋಡಲು ವರ್ಜೀನಿಯಾದ ಸ್ಟರ್ಲಿಂಗಿನಿಂದ ನಸುಕಿಗೇ ಹೊರಟಿದ್ದೆ. ಪೆಟ್ರೋಲ್ ಬಂಕಿನ ಪಕ್ಕ ಒಬ್ಬ ಮುದುಕ ದೊಡ್ಡ ಹಂಡೆ ಇಟ್ಟುಕೊಂಡು ಕೂತಿದ್ದ. ಮುಚ್ಚಳ ತೆಗೆದಾಗ ಹಬೆಯೆಲ್ಲ ನನ್ನ ಕಡೆಗೇ ತಿರುಗಿತು.

‘ಅಮೆರಿಕಾದಾಗ ಕುದಿಸಿದ ಶೇಂಗಾ ಸಿಗೂ ಊರು ಅಂದ್ರ ಅದು ನಮ್ಮೂರ ಬಿಡ್ರಿ’ ಎಂದಿದ್ದಳು ಸುನಂದಾ, ನನ್ನ ಹೆಂಡತಿ. ಅವಳು ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಆ ಮಾತು ಹೇಳಿದ ಊರು ಅಲ್ಲಿಂದ ಇಪ್ಪತ್ತು ಮೈಲಿ. ಅಟ್ಲಾಂಟಾಕ್ಕೆ ಎಷ್ಟು ಸಲ ಓಡಾಡಿದರೂ ನಾನು ಆ ಕಡೆ ಕಾರು ತಿರುಗಿಸಿರಲಿಲ್ಲ. ಅವತ್ತು ಒಂದು ಪೊಟ್ಟಣ ಶೇಂಗಾ ತೆಗೆದುಕೊಂಡು ಪಕ್ಕದ ಸೀಟಿನಲ್ಲಿಟ್ಟೆ. ಕಾರು ಬಲಕ್ಕೆ ಹೊರಳಿತು.

2012ರ ಆಗಸ್ಟಿನಿಂದ ಮುಂದಿನ ಜೂನ್‌ವರೆಗೆ ನಾವು ಆ ಊರಿನಲ್ಲಿದ್ದೆವು. ನನ್ನ ಕೆಲಸ ಡೇಟಾ ಸೆಂಟರುಗಳ ಜನರೇಟರ್ ಮತ್ತು ಬ್ಯಾಟರಿಗಳದ್ದು. ಊರಿನ ಕರೆಂಟು ಹೋದರೆ ಹತ್ತು ಸೆಕೆಂಡಿನೊಳಗೆ ನಮ್ಮ ಯಂತ್ರಗಳು ಎದ್ದು ಭಾರ ಹೊರಬೇಕು, ಅಷ್ಟೇ. ಅಲ್ಲಿ ಹತ್ತಿ ಹೊಲವೊಂದನ್ನು ಸಮ ಮಾಡಿ ಹೊಸ ಕಟ್ಟಡ ಎಬ್ಬಿಸುತ್ತಿದ್ದರು. ವರ್ಷದ ಮಟ್ಟಿಗೆ ಹೋಗಿ ಯಂತ್ರಗಳನ್ನು ಕೂರಿಸಿ ಬಾ ಎಂದು ಕಂಪನಿ ಹೇಳಿತು. ಒಲ್ಲೆ ಅನ್ನುವ ಹಾಗಿರಲಿಲ್ಲ. ನಮ್ಮ ಗ್ರೀನ್ ಕಾರ್ಡ್ ಅರ್ಜಿ ಆ ಕಂಪನಿಯ ಹೆಸರಿನಲ್ಲೇ ಐದು ವರ್ಷದಿಂದ ಸರತಿಯಲ್ಲಿತ್ತು. ಅದಕ್ಕೂ ಮೊದಲಿನ ಅರ್ಜಿ ಮೊದಲಿನ ಕಂಪನಿಯ ಜೊತೆಗೇ ಮುಳುಗಿತ್ತು. ಹೀಗಾಗಿ ನಾನು ಯಾವುದಕ್ಕೂ ಹೂಂ ಅನ್ನುವವನಾಗಿದ್ದೆ.

ಸುನಂದಾಗೆ ನನ್ನ ವೀಸಾದ ಮೇಲೆ ಕೆಲಸ ಮಾಡುವ ಅನುಮತಿ ಇರಲಿಲ್ಲ. ನವಲಗುಂದದಲ್ಲಿ ಎಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ಅಮೆರಿಕಾದಲ್ಲಿ ಹದಿಮೂರು ವರ್ಷ ಮನೆಯಲ್ಲಿ ಕೂತಳು. ಆ ಸಣ್ಣ ಊರಿನಲ್ಲಿ ಅವಳಿಗೆ ಹೊತ್ತು ಹೋಗುವುದು ಹೇಗೆಂದು ನಾನು ಹೆದರಿದ್ದೆ. ಹೋದ ಮೂರನೇ ವಾರಕ್ಕೆ ಅವಳೇ ದಾರಿ ಹುಡುಕಿಕೊಂಡಳು.

ಊರಿನಲ್ಲಿ ರೈಲು ನಿಲ್ಲುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಳೆಯ ಸ್ಟೇಷನ್ನನ್ನೇ ಮ್ಯೂಸಿಯಂ ಮಾಡಿದ್ದರು. ಮಂಗಳವಾರ, ಗುರುವಾರ ಮಾತ್ರ ಬಾಗಿಲು ತೆರೆಯುತ್ತಿತ್ತು. ನಡೆಸುವವರು ಮಿಸ್ ಡೋರಿಸ್ ಎಂಬ ಎಪ್ಪತ್ತರ ಹತ್ತಿರದ ಕರಿಯ ಹೆಂಗಸು, ನಿವೃತ್ತ ಟೀಚರ್. ಅವರ ಹತ್ತಿರ ಒಂದು ತಗಡಿನ ಪೆಟ್ಟಿಗೆ ತುಂಬ ಹಳೆಯ ಪತ್ರಗಳಿದ್ದವು. ಸಹಾಯಕ್ಕೆ ಬರುವ ಕಾಲೇಜು ಹುಡುಗರಿಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದ ಆ ಇಂಗ್ಲಿಷ್ ಕೈಬರಹ ಓದಲು ಬರುತ್ತಿರಲಿಲ್ಲ. ಸುನಂದಾ ಒಂದು ಪತ್ರ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಗಡಗಡ ಓದಿದಳಂತೆ. ಮಿಸ್ ಡೋರಿಸ್ ಕುರ್ಚಿ ಎಳೆದು ಕೂರಿಸಿ, ಪೆನ್ಸಿಲ್ ಕೈಗೆ ಕೊಟ್ಟರಂತೆ.

ಅದರಲ್ಲಿ ಆಶ್ಚರ್ಯವಿಲ್ಲ. ನನ್ನ ಮಾವ ನವಲಗುಂದದ ತಹಶೀಲ್ದಾರ್ ಕಚೇರಿಯ ಕಟ್ಟೆಯ ಮೇಲೆ ಕೂತು ಹಳೆಯ ಮೋಡಿ ಲಿಪಿಯ ಹೊಲದ ಕಾಗದಗಳನ್ನು ಓದಿ ಹೇಳುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದಳು. ಮಾವನದ್ದು ಒಂದು ಕಟ್ಟಪ್ಪಣೆ: ಓದಲು ಬಾರದ ಕಡೆ ಜಾಗ ಖಾಲಿ ಬಿಡು, ನಿನ್ನ ಬುದ್ಧಿ ತುಂಬಬೇಡ, ನಿನ್ನ ಒಂದು ಊಹೆಗೆ ಯಾರದೋ ಹೊಲ ಹೋಗುತ್ತದೆ. ಸುನಂದಾ ಅದನ್ನೇ ಮಿಸ್ ಡೋರಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿದಳಂತೆ. ಅವರು ಅದನ್ನು ಬರೆದು ಗೋಡೆಗೆ ಅಂಟಿಸಿದರು.

ಪತ್ರಗಳು ಅಮೋಸ್ ರೆಡ್‌ಫರ್ನ್ ಎಂಬುವನವು. ಆ ಊರಿನಾಚೆ ಅವನ ಹೆಸರು ಯಾರಿಗೂ ಗೊತ್ತಿಲ್ಲ. ನೂರೆಂಬತ್ತು ವರ್ಷದ ಹಿಂದೆ ಅದೇ ತಾಲ್ಲೂಕಿನ ಹತ್ತಿ ಹೊಲದಲ್ಲಿ ಗುಲಾಮನಾಗಿ ಹುಟ್ಟಿದವನು. ಕುದುರೆಯ ಜೀನು ಹೊಲಿಯುವ ಅಂಗಡಿಗೆ ಹಾಕಿದ್ದರು. ಗೋಡೆಯ ಸಂದಿಗೆ ಗಾಳಿ ಬಾರದಂತೆ ಅಂಟಿಸಿದ್ದ ಹಳೆಯ ಪತ್ರಿಕೆಗಳನ್ನು ನೋಡುತ್ತ, ಹೊಲಿಯುತ್ತ, ಕದ್ದು ಅಕ್ಷರ ಕಲಿತವನು. ಅಲ್ಲಿಯ ಅಂತರ್ಯುದ್ಧ ಮುಗಿದು ಬಿಡುಗಡೆಯಾದ ಮೇಲೆ ಮೊದಲು ಮಾಡಿದ ಕೆಲಸ ಮದುವೆ. ಲೂಸಿಂಡಾ ಎಂಬವಳ ಜೊತೆ ಅವನು ಮೊದಲೇ ಸಂಸಾರ ಮಾಡಿದ್ದ, ಆದರೆ ಗುಲಾಮರ ಮದುವೆ ಕಾನೂನಿಗೆ ಲೆಕ್ಕವಿರಲಿಲ್ಲ, ಈಗ ಕಾಗದದ ಮೇಲೆ ಮದುವೆ ಮಾಡಿಕೊಂಡ. ಎರಡನೆಯದು ಮರದ ಕೆಳಗೆ ಶಾಲೆ. ಆಮೇಲೆ ಜನ ಅವನನ್ನು ರಾಜ್ಯದ ಶಾಸನಸಭೆಗೆ ಆರಿಸಿ ಕಳಿಸಿದರು.

ಇದೆಲ್ಲ ನಾನು ಪುಸ್ತಕದಲ್ಲಿ ಓದಿದ್ದಲ್ಲ. ಸುನಂದಾ ಪ್ರತಿ ಗುರುವಾರ ಪತ್ರಗಳ ಜೆರಾಕ್ಸ್ ತಂದು ರೊಟ್ಟಿ ತಟ್ಟುತ್ತ ಹೇಳುತ್ತಿದ್ದಳು. ಅವನನ್ನು ಅವಳು ‘ಮೆಂಬರ್ ಸಾಹೇಬ್ರು’ ಅನ್ನುತ್ತಿದ್ದಳು, ನಮ್ಮೂರ ಪಂಚಾಯಿತಿಯವರನ್ನು ಕರೆದ ಹಾಗೆ. ಹನ್ನೆರಡು ವರ್ಷದ ಮೇಘನಾ, ಇಲ್ಲೇ ಹುಟ್ಟಿದವಳು, ಅವನನ್ನೂ ಅಂಕಲ್ ಮಾಡಿಬಿಟ್ಟಿದ್ದಳು.

‘ಅವ್ವಾ, ರೆಡ್‌ಫರ್ನ್ ಅಂಕಲ್ ಇವತ್ತು ಏನ್ ಮಾಡಿದ?’

‘ಇವತ್ತ ಸಾಹೇಬ್ರು ಸಭಾದಾಗ ಎದ್ದು ನಿಂತು, ಪ್ರತಿ ಹಳ್ಳಿಗೂ ಒಂದು ಸಾಲಿ ಬೇಕು ಅಂತ ಮಾತಾಡ್ಯಾರ. ಒಬ್ಬಾವ ನಕ್ಕನಂತ. ಜೀನು ಹೊಲಿಯಾಂವಗ ಸಾಲಿ ಯಾಕ ಅಂತ.’

‘ಆಮೇಲೆ?’

‘ಕುದುರಿ ಮ್ಯಾಲ ಕುಂತಾವ ಬೀಳಬಾರದಂದ್ರ ಜೀನು ಹೊಲಿಯಾಂವ ಶಾಣ್ಯಾ ಇರಬೇಕ್ರಿ ಅಂದನಂತ.’

ಮೇಘನಾ ಕೈ ತಟ್ಟಿ ನಕ್ಕಳು. ‘ಹಿ ಈಸ್ ಸೋ ಕೂಲ್. ಅಪ್ಪಾ, ನೀನು ಯಾಕೆ ನಗಲ್ಲ?’

‘ನಿಮ್ಮಪ್ಪ ನಕ್ಕರ ಜನರೇಟರ್ ಬಂದ್ ಬೀಳತೈತಿ’ ಎಂದಳು ಅವರವ್ವ.

ನಾನು ನಗದಿದ್ದುದು ದಣಿವಿಗೆ. ದಿನಕ್ಕೆ ಹನ್ನೆರಡು ತಾಸು ಕೆಲಸ. ಎಷ್ಟೋ ಸಲ ತಟ್ಟೆಯ ಮುಂದೆಯೇ ಕಣ್ಣು ಮುಚ್ಚುತ್ತಿತ್ತು. ಆದರೂ ಅವಳು ಬಿಡುತ್ತಿರಲಿಲ್ಲ. ಜೆರಾಕ್ಸನ್ನು ನನ್ನ ಮುಂದೆ ಸರಿಸಿ, ಇದು ಯಾವ ಅಕ್ಷರ ಹೇಳಿ ಎನ್ನುತ್ತಿದ್ದಳು. ಅವನು ಎರಡು ಎಸ್ ಬಂದಾಗ ಮೊದಲನೆಯದನ್ನು ಎಫ್‌ನಂತೆ ಉದ್ದ ಎಳೆಯುತ್ತಾನೆ, ಡಬ್ಲ್ಯೂದ ಬಾಲ ಹಿಂದಕ್ಕೆ ಮಡಚುತ್ತಾನೆ, ಸಿಟ್ಟು ಬಂದಾಗ ಟಿ ಅಕ್ಷರದ ಗೆರೆ ಪದ ದಾಟಿ ಹೋಗುತ್ತದೆ. ನನಗೆ ಬೇಕಿಲ್ಲದೆಯೇ ಇದೆಲ್ಲ ತಲೆಗೆ ಹತ್ತಿತ್ತು.

ನಾವು ಹೋದ ವರ್ಷದ ಅಕ್ಟೋಬರಿನಲ್ಲಿ ಹತ್ತಿ ಒಡೆದಿತ್ತು. ಒಂದು ಭಾನುವಾರ ಕಾರಿನಲ್ಲಿ ಹೋಗುವಾಗ ಸುನಂದಾ ನಿಲ್ಲಿಸಲು ಹೇಳಿದಳು. ನಾವು ಎರೆ ಭೂಮಿಯವರು, ಹತ್ತಿ ನಮಗೆ ಹೊಸದಲ್ಲ. ಆದರೆ ಇಲ್ಲಿ ಮಣ್ಣು ಕೆಂಪು. ಅವಳು ಬೇಲಿಯಾಚೆ ಬಗ್ಗಿ ಒಂದು ಕಾಯಿ ಬಿಡಿಸಿ, ಅಂಗೈಯಲ್ಲಿ ಹಿಂಜಿ ನೋಡಿದಳು.

‘ನಮ್ಮ ಹತ್ತಿಗಿಂತ ಎಳಿ ಉದ್ದ ಐತ್ರಿ. ಇದನ್ನ ಬಿಡಿಸಿ ಬಿಡಿಸಿ ಸಾಹೇಬ್ರ ಅವ್ವನ ಬೆರಳು ಒಡದಿದ್ದುವಂತ. ಪತ್ರದಾಗ ಬರದಾನ.’

ಅದನ್ನು ಸೆರಗಿಗೆ ಗಂಟು ಹಾಕುವವಳ ಹಾಗೆ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡಳು.

ಚಳಿಗಾಲದ ಹೊತ್ತಿಗೆ ಮೆಂಬರ್ ಸಾಹೇಬರ ದಿನ ಕೆಟ್ಟವು. ಅವನು ವಾಷಿಂಗ್ಟನ್ನಿನ ದೊಡ್ಡ ಸಭೆಗೆ, ನಮ್ಮ ಲೋಕಸಭೆಯಂಥದ್ದಕ್ಕೆ, ಚುನಾವಣೆಗೆ ನಿಂತ. ಜನ ವೋಟು ಹಾಕಿದರು. ಆದರೆ ಎರಡು ಕಡೆ ಪೆಟ್ಟಿಗೆಗಳು ಮಾಯವಾದವು, ಒಂದು ಕಡೆ ಬಂದೂಕು ಹಿಡಿದವರು ದಾರಿ ಕಾದರು, ಕೊನೆಗೆ ಬೇರೆಯವನು ಗೆದ್ದನೆಂದು ಸಾರಿದರು. ರೆಡ್‌ಫರ್ನ್ ವೋಟು ಹಾಕಿದವರ ಮನೆಮನೆಗೆ ಹೋಗಿ, ಪ್ರಮಾಣ ಮಾಡಿಸಿ, ಹೆಬ್ಬೆಟ್ಟಿನ ಬದಲು ಅವರು ಹಾಕುವ ಇಂಟು ಗುರುತು ಹಾಕಿಸಿಕೊಂಡು, ಒಂದು ಟ್ರಂಕು ಕಾಗದ ಹೊತ್ತು ವಾಷಿಂಗ್ಟನ್ನಿಗೆ ಹೋದ. ಅಲ್ಲೊಂದು ಸಮಿತಿ ಇತ್ತು. ಅದು ಅವನ ಮಾತು ಕೇಳಬೇಕು. ಕೇಳುವ ದಿನ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಎರಡು ಚಳಿಗಾಲ ಅವನು ಬಾಡಿಗೆ ಕೋಣೆಯಲ್ಲಿ ಕಾದ. ಇಲ್ಲಿ ಲೂಸಿಂಡಾ ಕೆಮ್ಮುತ್ತಿದ್ದಳು. ಅವನ ಪತ್ರ ಓದುವುದಕ್ಕೆಂದೇ ನಡು ವಯಸ್ಸಿನಲ್ಲಿ ಅಕ್ಷರ ಕಲಿತಿದ್ದಳು.

‘ಎದ್ದು ಬರಬಾರದಾಗಿತ್ತಾ?’ ಎಂದೆ ಒಂದು ಸಂಜೆ. ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

‘ಎದ್ದು ಬಂದ್ರ ಕರದಾಗ ಇರಲಿಲ್ಲ ಅಂತ ಅರ್ಜಿ ಕಿತ್ತು ಒಗೀತಾರ. ನಿಮಗ ಗೊತ್ತಿಲ್ಲೇನು?’ ರೊಟ್ಟಿ ಮಗುಚಿ ಹಾಕಿ ನಕ್ಕಳು. ‘ಸಾಹೇಬ್ರ ಫೈಲೂ ನಮ್ಮ ಫೈಲೂ ಒಂದ ಕಪಾಟಿನ್ಯಾಗ ಅದಾವ ಬಿಡ್ರಿ.’

ಮಾರ್ಚ್ ಬಂತು. ಪೈನ್ ಮರಗಳ ಹಳದಿ ಪರಾಗದ ಪುಡಿ ಕಾರು, ಮೆಟ್ಟಿಲು, ಕಿಟಕಿಯೆಲ್ಲ ಮುಚ್ಚಿತು. ಸುನಂದಾಗೆ ಬೆನ್ನು ನೋಯತೊಡಗಿತು. ಊಟ ಕಡಿಮೆಯಾಯಿತು. ಪುಡಿಯ ಅಲರ್ಜಿ ಎಂದುಕೊಂಡೆವು. ಬೆನ್ನು ನೋವಿಗೂ ಅಲರ್ಜಿಗೂ ಏನು ಸಂಬಂಧವೆಂದು ನಾನೂ ಯೋಚಿಸಲಿಲ್ಲ, ಅವಳೂ ಹೇಳಲಿಲ್ಲ. ಒಂದು ಗುರುವಾರ ಅವಳು ಬರಿಗೈಯಲ್ಲಿ ಬಂದಳು.

‘ಜೆರಾಕ್ಸ್ ಎಲ್ಲಿ?’

‘ಪೆಟಗಿ ತಳದಾಗ ಒಂದು ಪತ್ರ ಐತ್ರಿ. ಸುತ್ತ ಕರೇ ಅಂಚು.’

ಆ ಕಾಲದಲ್ಲಿ ಇಲ್ಲಿಯ ಜನ ಮನೆಯಲ್ಲಿ ಸಾವಾದರೆ ಕಪ್ಪು ಅಂಚಿನ ಕಾಗದದಲ್ಲಿ ಬರೆಯುತ್ತಿದ್ದರಂತೆ. ಲೂಸಿಂಡಾ ತೀರಿಕೊಂಡ ಮೇಲೆ ರೆಡ್‌ಫರ್ನ್ ಅವಳ ತಂಗಿಗೆ ಬರೆದ ಪತ್ರ ಅದು. ಆ ತಂಗಿ ಮಿಸ್ ಡೋರಿಸ್‌ರ ಮುತ್ತಜ್ಜಿ. ಅವರ ಮನೆಯಲ್ಲಿ ಅದನ್ನು ಬೈಬಲಿನೊಳಗೆ ಇಟ್ಟು ಕಾಪಾಡಿದ್ದರು. ನಮ್ಮ ಕಡೆ ಅದಕ್ಕೆ ತಿರುವುಮುರುವು. ಸಾವಿನ ಕಾಗದ ಹೊಸ್ತಿಲು ದಾಟಬಾರದು. ಮೂಲೆ ಹರಿದ ಕಾರ್ಡು ಬಂದರೆ ಪೋಸ್ಟಿನವನು ಅಂಗಳದಲ್ಲೇ ನಿಂತು ಕೂಗುತ್ತಿದ್ದ. ನಮ್ಮವ್ವ ಹೊರಗೆ ನಿಂತು ಓದಿಸಿಕೊಂಡು, ಅಲ್ಲೇ ಹರಿದು ಚೆಲ್ಲಿ, ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಬರುತ್ತಿದ್ದಳು.

‘ಅದನ್ನ ನಾ ಮನಿಗೆ ತರೂದಿಲ್ಲ’ ಎಂದಳು ಸುನಂದಾ. ‘ನೀವ ಅಲ್ಲಿಗೆ ಬರ್ರಿ. ಒಂದ ಒಂದು ಗುರುವಾರ. ಓದಿ ಹೇಳ್ತೀನಿ. ಇಷ್ಟ ದಿನ ಕೇಳೀರಿ, ಕಡೀದೂ ಕೇಳ್ರಿ.’

‘ಬರ್ತೀನಿ.’

‘ತಾಸು ಸಾಕು.’

‘ಬರ್ತೀನಂದೆನಲ್ಲ.’

ಮೊದಲ ಗುರುವಾರ ಬ್ಯಾಟರಿಗಳ ಲಾರಿ ತಡವಾಗಿ ಬಂತು. ಎರಡನೇ ಗುರುವಾರ ಕಂಪನಿಯ ಮೇಲಿನವರು ಬಂದರು. ಮೂರನೇ ಗುರುವಾರ ಪೂರ್ತಿ ಭಾರದ ಪರೀಕ್ಷೆ: ಎಲ್ಲ ಜನರೇಟರುಗಳನ್ನೂ ಒಟ್ಟಿಗೆ ಎಬ್ಬಿಸಿ, ಎಂಟು ತಾಸು ಓಡಿಸಿ ತೋರಿಸಬೇಕು. ಅದೇ ದಿನ ಸುನಂದಾಗೆ ಸ್ಕ್ಯಾನ್ ಇತ್ತು. ಅವಳನ್ನು ಕರೆದುಕೊಂಡು ಹೋದವರು ಮಿಸ್ ಡೋರಿಸ್. ನಾನು ಕಿವಿಗೆ ಮುಚ್ಚಳ ಹಾಕಿಕೊಂಡು, ಹೊಗೆ ನೋಡುತ್ತ ನಿಂತಿದ್ದೆ. ಫೋನು ಜೇಬಿನಲ್ಲಿ ನಾಲ್ಕು ಸಲ ನಡುಗಿತಂತೆ. ಜನರೇಟರಿನ ಪಕ್ಕ ನಿಂತವನಿಗೆ ಮೈಯೆಲ್ಲ ನಡುಗುತ್ತಿರುತ್ತದೆ. ಗೊತ್ತಾಗಲಿಲ್ಲ.

ಪರೀಕ್ಷೆ ಚೆನ್ನಾಗಿಯೇ ಆಯಿತು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಜೂನಿನಲ್ಲಿ ಸ್ಟರ್ಲಿಂಗಿಗೆ ವಾಪಸು ಬಂದೆವು. ಆಸ್ಪತ್ರೆಗೆ ಒಯ್ದು ತರುವ ಕೆಲಸದಲ್ಲಿ ಅರ್ಧವನ್ನು ಎದುರು ಮನೆಯ ನಸ್ರೀನ್ ಮಾಡಿದಳು. ಅವಳು ಮೈಸೂರಿನವಳು, ನನ್ನನ್ನು ಅಣ್ಣ ಅನ್ನುತ್ತಾಳೆ. ರೋಗ ಮೇದೋಜೀರಕದ ಕ್ಯಾನ್ಸರ್, ಸಮಯ ಕೊಡುವಂಥದ್ದಲ್ಲ. ಒಂದು ದಿನ ಹಾಸಿಗೆಯ ಪಕ್ಕ ಕೂತಾಗ ಕೇಳಿದೆ, ಆ ಪತ್ರದಲ್ಲಿ ಏನಿತ್ತು?

‘ಹಿಂಗ ಬಾಯಿಲೆ ಹೇಳಿದ್ರ ಅದು ಸುದ್ದಿ ಆಗತೈತಿ’ ಎಂದಳು. ‘ಓದಿ ಹೇಳಬೇಕು. ಮನಿಯಾಗ ಬ್ಯಾಡ, ಮೇಘನಾ ಇರ್ತಾಳ. ಆರಾಮ ಆದ ಮ್ಯಾಲ ಹೋಗೂಣಂತ.’

ಅಕ್ಟೋಬರಿನಲ್ಲಿ ಹೋದಳು.

ಇಲ್ಲಿಯವರಿಗೆ ಒಂದು ಪದ್ಧತಿ ಇದೆ. ಸಾವಾದ ಮನೆಗೆ ಕಾರ್ಡು ಕಳಿಸುತ್ತಾರೆ. ಎರಡನೇ ವಾರದಿಂದ ಲಕೋಟೆಗಳು ಬರತೊಡಗಿದವು: ಆಫೀಸಿನವರು, ಮೇಘನಾಳ ಟೀಚರುಗಳು, ಹೆಸರು ಗೊತ್ತಿಲ್ಲದ ನೆರೆಯವರು. ನಾನು ಪೋಸ್ಟು ತಂದವನೇ ಬಾಗಿಲ ಹೊರಗಿನ ಚಾಪೆಯ ಮೇಲೆ ನಿಂತು ಅವನ್ನು ಒಂದೊಂದಾಗಿ, ಬಿಚ್ಚದೆಯೇ, ನಡುವೆ ಹರಿದು ಕಸದ ಚೀಲಕ್ಕೆ ಹಾಕುತ್ತಿದ್ದೆ. ಓದುವುದೇನಿದೆ? ಸುದ್ದಿ ಗೊತ್ತಿತ್ತು. ಒಳಗೆ ಮಗು ಇದ್ದಾಳೆ. ಹರಿದು, ಒಳಗೆ ಹೋಗಿ ಕೈಕಾಲು ತೊಳೆದುಕೊಳ್ಳುತ್ತಿದ್ದೆ. ನಮ್ಮವ್ವ ಮಾಡಿದ್ದನ್ನು ಮಾಡುತ್ತಿದ್ದೇನೆಂದು ಮನಸ್ಸಿಗೆ ಒಂದು ತರಹದ ಆಸರೆಯೂ ಇತ್ತು.

ನಸ್ರೀನ್ ಒಂದು ದಿನ ಅನ್ನದ ಡಬ್ಬಿ ಹಿಡಿದು ಬಂದವಳು ನೋಡಿಬಿಟ್ಟಳು.

‘ಅಯ್ಯೋ ಅಣ್ಣಾ, ಏನ್ ಮಾಡ್ತಿದ್ದೀರಾ? ಅದು ಸಾವಿನ ಕಾಗ್ದ ಅಲ್ಲ. ಸಮಾಧಾನ ಹೇಳಿ ಕಳ್ಸಿರೋ ಕಾರ್ಡು! ಅವರೆಲ್ಲ ಅಂಗ್ಡಿಗೆ ಹೋಗಿ, ಆರಿಸಿ, ಕೈಯಾರೆ ಬರ್ದಿರ್ತಾರೆ.’

‘ನಮ್ಮ ಕಡೆ ಮನೆಯೊಳಗೆ ತರೋದಿಲ್ಲಮ್ಮ.’

‘ಹಾಗಾದ್ರೆ ನನ್ ಕೈಗೆ ಕೊಡಿ, ನನ್ ಮನೇಲಿಟ್ಕೋತೀನಿ. ಮೇಘನಾ ದೊಡ್ಡೋಳಾದ್ಮೇಲೆ ಓದ್ಲಿ.’

ಅವಳಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು. ಕೊಡಲಿಲ್ಲ. ಅವಳು ಹೇಳುವ ಹೊತ್ತಿಗೆ ಕೈಯಲ್ಲಿದ್ದ ಲಕೋಟೆ ಅರ್ಧ ಹರಿದಿತ್ತು. ದಪ್ಪನೆಯದು, ಒಂದೇ ಸಲಕ್ಕೆ ಹರಿಯಲಿಲ್ಲ. ಮೂಲೆಯಲ್ಲಿ ಮಿಸ್ ಡೋರಿಸ್‌ರ ಹೆಸರಿತ್ತು. ಮಡಚಿ ಹಿಡಿದು ಇನ್ನೊಮ್ಮೆ ಬಲ ಹಾಕಿದೆ. ಉಳಿದ ಕಾರ್ಡುಗಳನ್ನು ಆ ದಿನದಿಂದ ನಸ್ರೀನಳೇ ಪೋಸ್ಟ್ ಡಬ್ಬಿಯಿಂದ ಎತ್ತಿಟ್ಟುಕೊಂಡಳು.

ಎರಡು ವರ್ಷ ಕಳೆದು ಗ್ರೀನ್ ಕಾರ್ಡ್ ಬಂತು. ಅದನ್ನು ಬಿಚ್ಚಿದೆ. ನನ್ನ ಹೆಸರಿನದು ಒಂದೇ ಇತ್ತು.

ಇಷ್ಟೂ ಹೊತ್ತುಕೊಂಡು 2019ರ ಅಕ್ಟೋಬರಿನಲ್ಲಿ, ಶೇಂಗಾದ ಪೊಟ್ಟಣದ ಜೊತೆ, ನಾನು ಸ್ಟೇಷನ್ನಿನ ಮುಂದೆ ಕಾರು ನಿಲ್ಲಿಸಿದೆ. ಬಾಗಿಲು ತೆರೆದಿತ್ತು. ಅವತ್ತು ಗುರುವಾರವೆಂದು ಆಗ ಹೊಳೆಯಿತು. ಮಿಸ್ ಡೋರಿಸ್ ಕೋಲು ಹಿಡಿದು ನಡೆಯುವಂತಾಗಿದ್ದರು. ಕನ್ನಡಕ ಮೇಲೆತ್ತಿ ನೋಡಿದರು.

‘ಸುನಂದಾಳ ಗಂಡ’ ಎಂದರು. ನನ್ನ ಹೆಸರು ಅವರಿಗೆ ಎಂದೂ ನೆನಪಿರಲಿಲ್ಲ, ಅದು ನನಗೆ ಇಷ್ಟವಾಗುತ್ತಿತ್ತು. ‘ತಡವಾಗಿ ಬಂದಿರಿ. ಆದರೂ ಕೂತುಕೊಳ್ಳಿ.’

ಶೇಂಗಾ ಕೊಟ್ಟೆ. ಅವರು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, ಉಪ್ಪು ಜಾಸ್ತಿಯಾಯಿತು ಎಂದರು. ಗೋಡೆಯ ಮೇಲೆ ಮಾವನ ಮಾತಿನ ಚೀಟಿ ಹಳದಿಯಾಗಿ ಹಾಗೆಯೇ ಇತ್ತು.

‘ಅವಳ ಹಾಳೆಗಳು ತಲುಪಿದವಲ್ಲವೇ?’

‘ಯಾವ ಹಾಳೆಗಳು?’

‘ಕೊನೆಯ ಪತ್ರದ್ದು, ಕಪ್ಪು ಅಂಚಿನದು. ಅವಳೇ ಓದಿ ಬರೆದಿಟ್ಟಿದ್ದಳು, ಇಲ್ಲೇ ಬಿಟ್ಟು ಹೋಗಿದ್ದಳು. ನನ್ನ ಹತ್ತಿರ ಇರುವುದಕ್ಕಿಂತ ನಿಮ್ಮ ಹತ್ತಿರ ಇರಲೆಂದು ಕಾರ್ಡಿನೊಳಗಿಟ್ಟು ಕಳಿಸಿದೆ. ಒಂದು ಪ್ರತಿ ತೆಗೆದಿಟ್ಟುಕೊಳ್ಳಬೇಕಿತ್ತು. ಆ ವಾರ ನನಗೂ ತಲೆ ನೆಟ್ಟಗಿರಲಿಲ್ಲ.’

ಚಾಪೆಯ ಮೇಲೆ ನಿಂತು ಎರಡು ಸಲ ಬಲ ಹಾಕಿದ್ದು ಬೆರಳುಗಳಿಗೆ ನೆನಪಾಯಿತು. ಸುಳ್ಳು ಹೇಳಬಹುದಿತ್ತು. ತಲುಪಲಿಲ್ಲ ಎಂದಿದ್ದರೆ ಅಂಚೆಯ ಮೇಲೆ ಹೋಗುತ್ತಿತ್ತು. ನಮ್ಮ ಕಡೆಯ ಪದ್ಧತಿಯನ್ನು ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಶೇಂಗಾದ ಸಿಪ್ಪೆಯನ್ನು ಮೇಜಿನ ಮೇಲೆ ಇಟ್ಟರು.

‘ನಮ್ಮವರು ಆ ಪತ್ರವನ್ನು ಹತ್ತಿರಹತ್ತಿರ ನೂರೈವತ್ತು ವರ್ಷ ಇಟ್ಟುಕೊಂಡರು’ ಎಂದರು. ಬೈಗುಳದ ಧ್ವನಿಯಲ್ಲ, ಎರಡೂ ಕಡೆ ತೂಗಿ ನೋಡುವವರ ಧ್ವನಿ. ಎದ್ದು ಹೋಗಿ ತಗಡಿನ ಪೆಟ್ಟಿಗೆ ತಂದರು. ತಳದಿಂದ ಒಂದು ಪತ್ರ ತೆಗೆದು ನನ್ನ ಮುಂದೆ ಇಟ್ಟು, ಪಕ್ಕದಲ್ಲಿ ಹಾಳೆ, ಪೆನ್ಸಿಲ್ ಇಟ್ಟರು. ‘ಐದು ಗಂಟೆಗೆ ಬಾಗಿಲು ಹಾಕುತ್ತೇನೆ.’

ಅಂಚು ಒಂದು ಬೆರಳಗಲ ಕಪ್ಪು. ಮೊದಲ ಸಾಲಿಗೇ ಕಾಲು ತಾಸು ಹಿಡಿಯಿತು. ಆಮೇಲೆ ಉದ್ದನೆಯ ಎಸ್ ಸಿಕ್ಕಿತು, ಹಿಂದಕ್ಕೆ ಮಡಚಿದ ಡಬ್ಲ್ಯೂ ಸಿಕ್ಕಿತು. ರೊಟ್ಟಿ ತಟ್ಟುವ ಸದ್ದಿನ ನಡುವೆ ಅವಳು ತೋರಿಸಿದ್ದ ಒಂದೊಂದು ಅಕ್ಷರವೂ ಎದ್ದು ಬಂತು. ಇಂಗ್ಲಿಷಿನಲ್ಲಿ ಬರೆದುಕೊಂಡದ್ದನ್ನು ಇಲ್ಲಿ ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ.

ಪ್ರಿಯ ತಂಗಿ, ಅವಳಿಗೆ ಹೆಚ್ಚಾಗಿದೆ ಎಂಬ ನಿನ್ನ ತಂತಿ ಬುಧವಾರವೇ ಕೈಸೇರಿತು. ಗುರುವಾರ ಸಮಿತಿ ನನ್ನ ಮಾತು ಕೇಳುತ್ತದೆ ಎಂದಿದ್ದರು. ಗುರುವಾರಕ್ಕೆಂದು ನಿಂತೆ. ಗುರುವಾರ ಅವರು ಸೇರಲಿಲ್ಲ. ಇದನ್ನು ಬೇರೆ ಯಾರಿಗೂ ಹೇಳಬೇಡ, ಆದರೆ ನಿನಗೆ ಗೊತ್ತಿರಲಿ. ಅವಳು ನನ್ನನ್ನು ಕೇಳಿದಳೇ ಎಂದು ನೀನು ಬರೆಯಬೇಡ. ಕೇಳಿದ್ದರೂ ತಾಳಲಾರೆ, ಕೇಳದಿದ್ದರೂ ತಾಳಲಾರೆ. ಆಕಳನ್ನು ನೀನು ಇಟ್ಟುಕೋ. ಶಾಲೆಯ ಒಲೆಗೆ ಸೌದೆ ಹಾಕಿಸಿದ್ದೀಯಾ? ನನ್ನ ಜೀನಿನ ಸೂಜಿಗಳಿಗೆ ಎಣ್ಣೆ ಹಚ್ಚಿಡು, ಬಂದರೆ ಬೇಕಾಗುತ್ತವೆ.

ಅವನು ಬರಲಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಕುರ್ಚಿ ಸಿಗಲಿಲ್ಲ. ವಾಷಿಂಗ್ಟನ್ನಿನ ಯಾವುದೋ ಕಚೇರಿಯಲ್ಲಿ ಕಾಗದ ಒಯ್ದುಕೊಡುವ ಕೆಲಸ ಮಾಡುತ್ತ ಅಲ್ಲೇ ಮುದುಕನಾದ. ಬಂದದ್ದು ಶವಪೆಟ್ಟಿಗೆಯಲ್ಲಿ, ಇದೇ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ.

ಕೊನೆಯ ಸಾಲು ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ‘ಒಂದನ್ನು ಮಾತ್ರ ಬರೆ. ನಾನು ಕಳಿಸಿದ್ದ’ ಎಂದಿತ್ತು, ಆಮೇಲೆ ಒಂದು ಪದ, ಆಮೇಲೆ ‘ಅವಳ ಕೈಸೇರಿತ್ತೇ?’ ನಡುವಿನ ಪದ ಮಡಿಕೆಯ ಸವೆತದಲ್ಲಿ ಹೋಗಿತ್ತು. ಬೆಳಕಿಗೆ ಹಿಡಿದೆ. ತಲೆ ಕೆಳಗು ಮಾಡಿ ನೋಡಿದೆ. ಒಂದು ಮೇಲೆದ್ದ ಗೆರೆ, ಒಂದು ಬಾಲ.

‘ಈ ಪದ ಏನು?’

ಮಿಸ್ ಡೋರಿಸ್ ಬಗ್ಗಿ ನೋಡಿದರು. ‘ನಮ್ಮ ಮನೆಯಲ್ಲಿ ಯಾರಿಗೂ ಅದು ಓದಲು ಬಂದಿಲ್ಲ. ಸುನಂದಾಗೆ ಬಂತು. ಮೂರು ಗುರುವಾರ ಭೂತಗನ್ನಡಿ ಹಿಡಿದು ಕೂತಿದ್ದಳು. ಸ್ಕ್ಯಾನ್ ಮುಗಿಸಿ ಹೋಗುವಾಗ ಒಂದು ನಿಮಿಷ ಇಲ್ಲಿ ನಿಲ್ಲಿಸಿ ಎಂದಳು, ಒಳಗೆ ಬಂದು ಆ ಒಂದು ಪದ ಬರೆದು ಹೋದಳು. ನಾನು ಕೇಳಿದೆ. ಮೊದಲು ನನ್ನ ಗಂಡನಿಗೆ ಓದಿ ಹೇಳುತ್ತೇನೆ, ಆಮೇಲೆ ನಿಮಗೆ ಎಂದಳು. ಕಳಿಸುವಾಗ ನಾನು ಬಿಚ್ಚಿ ನೋಡಲಿಲ್ಲ. ಅದು ನಿಮ್ಮದಾಗಿತ್ತು.’

ಐದಕ್ಕೆ ಹತ್ತು ನಿಮಿಷವಿತ್ತು. ಪೆನ್ಸಿಲ್ ಹಿಡಿದು ಆ ಜಾಗದ ಮುಂದೆ ಕೂತಿದ್ದೆ. ಕೋಟು ಇರಬಹುದು. ಔಷಧ ಇರಬಹುದು. ಪತ್ರ ಇರಬಹುದು. ಯಾವುದನ್ನಾದರೂ ಬರೆದರೆ ತಪ್ಪೆಂದು ಹೇಳುವವರು ಈಗ ಯಾರೂ ಇರಲಿಲ್ಲ. ಗೋಡೆಯ ಮೇಲಿನ ಚೀಟಿ ನೋಡಿದೆ. ಒಂದು ಪದದಷ್ಟು ಜಾಗ ಖಾಲಿ ಬಿಟ್ಟು, ಮುಂದಿನದನ್ನು ಬರೆದು, ಅಡಿಯಲ್ಲಿದ್ದ ಅವನ ಹೆಸರನ್ನೂ ಬರೆದೆ. ಮಿಸ್ ಡೋರಿಸ್ ಒಂದು ಪ್ರತಿ ತೆಗೆದು ಫೈಲಿಗೆ ಸೇರಿಸಿ, ನನ್ನ ಹಾಳೆಯನ್ನು ನನ್ನ ಕೈಗೇ ಕೊಟ್ಟರು. ‘ಇದನ್ನು ಹರಿಯಬೇಡಿ’ ಎಂದರು. ಪ್ಲಾಟ್‌ಫಾರ್ಮಿನ ತುದಿಯ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು ಕಾರು ಹತ್ತಿದೆ.

ನಾರ್‌ಕ್ರಾಸ್ ಮುಟ್ಟಿದಾಗ ಎಂಟು ಗಂಟೆ. ಮೇಘನಾ ಬಾಗಿಲು ತೆರೆದಳು. ಅವರವ್ವನ ಹುಬ್ಬು. ನಾನು ಚಾಪೆಯ ಮೇಲೆ ನಿಂತೇ ಇದ್ದೆ, ಅಂಗಿಯ ಜೇಬಿನಲ್ಲಿ ಹಾಳೆ.

‘ಅಪ್ಪಾ, ಫೋನ್ ಯಾಕೆ ಎತ್ತಲಿಲ್ಲ? ಐ ವಾಸ್ ಸೋ ವರೀಡ್. ಬಾ ಒಳಗೆ.’

‘ಒಂದು ಸಾವಿನ ಕಾಗದ ಐತಿ ನನ್ನ ಹತ್ತರ.’

‘ಯಾರು?’

‘ರೆಡ್‌ಫರ್ನ್ ಅಂಕಲ್ ಬರದದ್ದು. ಕಡೀ ಪತ್ರ.’

ಅವಳು ನನ್ನನ್ನು ನೋಡಿದಳು. ಆಮೇಲೆ ತೋಳು ಹಿಡಿದು ಒಳಗೆ ಎಳೆದುಕೊಂಡಳು, ಹಾಳೆಯ ಸಮೇತ. ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ತಾನೂ ಕೂತಳು. ನಾನು ಓದಿ ಹೇಳಿದೆ. 2013ರ ಗುರುವಾರಗಳನ್ನೂ, ಆ ದಪ್ಪ ಲಕೋಟೆಯನ್ನೂ, ಅದರ ಜೊತೆ ಹರಿದುಹೋದ ಅವರವ್ವನ ಹಾಳೆಗಳನ್ನೂ ಹೇಳಿದೆ. ಅವಳು ಅತ್ತಳು, ಸಿಟ್ಟಾದಳು, ಮೂಗು ಒರೆಸಿಕೊಂಡು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು.

‘ಇಲ್ಲಿ ಏನೂ ಇಲ್ಲ ಅಪ್ಪಾ. ಕೋಟ್ ಇರಬಹುದಾ? ಬರೀಲಾ?’

ಪೆನ್ ಕೈಯಲ್ಲಿ ಹಿಡಿದಿದ್ದಳು. ನಾನು ಅವಳ ಕೈ ಹಿಡಿದೆ.

‘ಊಹಿ ಮಾಡಬ್ಯಾಡ. ಅಲ್ಲಿದ್ದದ್ದನ್ನ ನಿಮ್ಮವ್ವ ಓದ್ಯಾಳ’ ಎಂದೆ.